ಮೊಟ್ಟೆ ಮರಿಯಾಗದಿದ್ದರೆ ದೋಷ ಎಲ್ಲಿ? ಕಾವಿನ 21 ದಿನಗಳ ಪರಿಶೀಲನೆ

ಕಾವಿಗಿಟ್ಟ ಮೊಟ್ಟೆಗಳ ಪೈಕಿ 21 ದಿನ ಕಳೆದರೂ ಒಡೆಯದೆ ಉಳಿದವನ್ನು ತಿಪ್ಪೆಗೆ ಎಸೆದು, ತಟ್ಟೆ ತೊಳೆದು, ಮತ್ತೆ ಹೊಸ ಮೊಟ್ಟೆ ಜೋಡಿಸುವುದು ಕೋಳಿ ಸಾಕುವವರಲ್ಲಿ ಸಾಮಾನ್ಯವಾಗಿ ಕಂಡುಬರುವ ರೂಢಿ. ಮರಿಗಳ ಸಂಖ್ಯೆ ಕಡಿಮೆಯಾದಾಗ ಹುಂಜದ ಮೇಲೋ, ಯಂತ್ರದ ಮೇಲೋ, ಗುಡುಗು-ಸಿಡಿಲಿನ ಮೇಲೋ ದೋಷ ಹೊರಿಸಲಾಗುತ್ತದೆ. ಆದರೆ ನಿಜವಾದ ಕಾರಣಕ್ಕೆ ಸಾಕ್ಷಿ ಎಸೆದ ಮೊಟ್ಟೆಗಳ ಒಳಗೇ ಇರುತ್ತದೆ. ಭ್ರೂಣ ಎಷ್ಟನೇ ದಿನ ಸತ್ತಿತು ಎಂಬುದು ಗೊತ್ತಾದರೆ, ತಪ್ಪು ನಡೆದದ್ದು ಕೋಳಿಮನೆಯಲ್ಲೋ, ಮೊಟ್ಟೆ ಕೂಡಿಟ್ಟ ಕೋಣೆಯಲ್ಲೋ, ಕಾವು ಯಂತ್ರದಲ್ಲೋ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿ, ಕರಾವಳಿಯಲ್ಲಿ ಊರ ಕೋಳಿ ಎಂದು ಕರೆಯಲಾಗುವ ನಾಟಿ ಕೋಳಿ ತಾನೇ ಕಾವು ಕೂರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜದಂತಹ ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಕಡಿಮೆ. ಇವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಅಡಿ ಇಡಬೇಕು, ಇಲ್ಲವೇ ಇನ್‌ಕ್ಯುಬೇಟರ್ ಬಳಸಬೇಕು. ಸಣ್ಣ ಯಂತ್ರಗಳು ಹಳ್ಳಿಗಳಿಗೂ ಬಂದಿರುವುದರಿಂದ ಮನೆಯಲ್ಲೇ ಮರಿ ಮಾಡಿಸುವವರ ಸಂಖ್ಯೆ ಹೆಚ್ಚಿದೆ. ಒಂದು ಬ್ಯಾಚ್ ಕೆಟ್ಟರೆ ಮೊಟ್ಟೆಯ ಬೆಲೆಯ ಜೊತೆಗೆ ಮೂರು ವಾರಗಳ ವಿದ್ಯುತ್ತು ಮತ್ತು ಶ್ರಮವೂ ವ್ಯರ್ಥವಾಗುತ್ತದೆ. ಕಾರಣ ತಿಳಿಯದೆ ತಪ್ಪು ಪರಿಹಾರ ಕೈಗೊಂಡರೆ ಮುಂದಿನ ಬ್ಯಾಚ್ ಕೂಡ ಅದೇ ದಾರಿ ಹಿಡಿಯುತ್ತದೆ.

ಚಿಪ್ಪಿನೊಳಗಿನ ದಿನಚರಿ

ದೋಷ ಹುಡುಕಬೇಕಾದರೆ ಮೊದಲು ಸರಿಯಾದ ಬೆಳವಣಿಗೆಯ ಕ್ರಮ ತಿಳಿದಿರಬೇಕು. ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ಭ್ರೂಣವನ್ನು ಗಮನಿಸುವ ಪದ್ಧತಿ ಹೊಸದಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲಿಯೇ ಕೋಳಿ ಮೊಟ್ಟೆಯೊಳಗಿನ ಬೆಳವಣಿಗೆಯನ್ನು ಹಂತ ಹಂತವಾಗಿ ವಿವರಿಸಿದ್ದಾನೆ.

ಕಾವು ಆರಂಭವಾದ 2ನೇ ದಿನ ಹೃದಯ ಬಡಿಯತೊಡಗುತ್ತದೆ. 3ನೇ ದಿನಕ್ಕೆ ಹಳದಿ ಭಾಗದ ಮೇಲೆ ರಕ್ತನಾಳಗಳ ಬಲೆ ಹರಡುತ್ತದೆ. 5ನೇ ದಿನದ ಹೊತ್ತಿಗೆ ಕಪ್ಪು ಕಣ್ಣು ಎದ್ದು ಕಾಣುತ್ತದೆ. ಎರಡನೇ ವಾರದಲ್ಲಿ ಕೊಕ್ಕು ಗಟ್ಟಿಯಾಗಿ, ಮೈಮೇಲೆ ನವಿರು ಮೂಡುತ್ತದೆ. 14ನೇ ದಿನದ ಸುಮಾರಿಗೆ ಭ್ರೂಣ ತಲೆಯನ್ನು ಮೊಟ್ಟೆಯ ದಪ್ಪ ತುದಿಯ ಕಡೆಗೆ ತಿರುಗಿಸಿಕೊಳ್ಳುತ್ತದೆ. 19ನೇ ದಿನ ಉಳಿದ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರತೊಡಗುತ್ತದೆ. 20ನೇ ದಿನ ಮರಿ ಒಳಪೊರೆಯನ್ನು ಹರಿದು ದಪ್ಪ ತುದಿಯ ಗಾಳಿಕೋಶದೊಳಕ್ಕೆ ಕೊಕ್ಕು ಚಾಚಿ ಮೊದಲ ಬಾರಿಗೆ ಶ್ವಾಸಕೋಶದಿಂದ ಉಸಿರಾಡುತ್ತದೆ. 21ನೇ ದಿನ ಚಿಪ್ಪು ಕುಟ್ಟಿ ಹೊರಬರುತ್ತದೆ.

ಗೌಜಲ ಹಕ್ಕಿಗೆ 17ರಿಂದ 18 ದಿನ, ಟರ್ಕಿ ಕೋಳಿ ಮತ್ತು ಸಾಮಾನ್ಯ ಬಾತುಕೋಳಿಗೆ 28 ದಿನ, ಗಿನಿ ಕೋಳಿಗೆ 26ರಿಂದ 28 ದಿನ ಬೇಕು. ದಿನಗಳ ಲೆಕ್ಕ ಬೇರೆಯಾದರೂ ಬೆಳವಣಿಗೆಯ ಅನುಕ್ರಮ ಒಂದೇ.

ಈ ಅವಧಿಯಲ್ಲಿ ಭ್ರೂಣದ ಸಾವು ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಅಂಗಗಳು ರೂಪುಗೊಳ್ಳುವ ಮೊದಲ ವಾರ ಮತ್ತು ಉಸಿರಾಟ ಬದಲಾಗುವ ಕೊನೆಯ ಮೂರು ದಿನಗಳಲ್ಲಿ ಸಾವು ಹೆಚ್ಚು. ನಡುವಿನ ದಿನಗಳಲ್ಲಿ ತೀರಾ ಕಡಿಮೆ. ಯಾವ ಹಂತದಲ್ಲಿ ಸಾವು ವಾಡಿಕೆಯನ್ನು ಮೀರಿದೆ ಎಂಬುದನ್ನು ಕಂಡುಕೊಳ್ಳುವುದೇ ಕಾರಣ ಪತ್ತೆಯ ಮೊದಲ ಹೆಜ್ಜೆ.

ಬೆಳಕಿನ ಪರೀಕ್ಷೆ

ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಮೊಟ್ಟೆಯ ದಪ್ಪ ತುದಿಗೆ ಹಿಡಿದು ಒಳಭಾಗ ನೋಡುವ ಕ್ರಮಕ್ಕೆ ಹ್ಯಾಚರಿಗಳಲ್ಲಿ ಕ್ಯಾಂಡ್ಲಿಂಗ್ ಎನ್ನುತ್ತಾರೆ. 7ನೇ ದಿನ ಮತ್ತು 18ನೇ ದಿನ ಈ ಪರೀಕ್ಷೆ ಅವಶ್ಯ. 7ನೇ ದಿನ ಜೀವವಿರುವ ಮೊಟ್ಟೆಯಲ್ಲಿ ಕಪ್ಪು ಚುಕ್ಕೆ ಮತ್ತು ಅದರಿಂದ ಜೇಡನ ಕಾಲುಗಳಂತೆ ಹರಡಿದ ಕೆಂಪು ನಾಳಗಳು ಕಾಣುತ್ತವೆ. ರಕ್ತದ ಉಂಗುರ ಮಾತ್ರ ಕಂಡರೆ ಭ್ರೂಣ ಕೆಲವು ದಿನ ಬೆಳೆದು ಸತ್ತಿದೆ ಎಂದರ್ಥ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು ಮೊಟ್ಟೆ ಅಥವಾ ಮೊದಲ ಒಂದೆರಡು ದಿನದಲ್ಲೇ ಸತ್ತ ಭ್ರೂಣವುಳ್ಳ ಮೊಟ್ಟೆ. ಇವೆರಡರ ವ್ಯತ್ಯಾಸ ಬೆಳಕಿನಲ್ಲಿ ತಿಳಿಯುವುದಿಲ್ಲ, ಒಡೆದೇ ನೋಡಬೇಕು.

ಪರೀಕ್ಷೆ ಚುರುಕಾಗಿ ಮುಗಿಯಬೇಕು. ಒಂದು ಬಾರಿಗೆ ಒಂದು ತಟ್ಟೆಯನ್ನು ಮಾತ್ರ ಹೊರತೆಗೆಯುವುದು ಒಳ್ಳೆಯದು. ಕಡು ಕಂದು ಬಣ್ಣದ ಮತ್ತು ಚುಕ್ಕೆಗಳುಳ್ಳ ಚಿಪ್ಪಿನಲ್ಲಿ 7ನೇ ದಿನ ಸ್ಪಷ್ಟವಾಗಿ ಕಾಣದಿದ್ದರೆ ಅಂತಹ ಮೊಟ್ಟೆಗಳನ್ನು ಮತ್ತೆ ಮೂರು ದಿನ ಬಿಟ್ಟು ನೋಡಬಹುದು. ಕೆಲವರು ಕೊನೆಯ ದಿನಗಳಲ್ಲಿ ಮೊಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಸಿ ಅಲುಗಾಡುತ್ತದೆಯೇ ಎಂದು ನೋಡುವುದುಂಟು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ನೀರು ಒಳಹೊಕ್ಕು ಮರಿ ಸಾಯುವುದರಿಂದ ಈ ಕ್ರಮ ಬೇಡ.

ಒಡೆದು ನೋಡುವ ಕ್ರಮ

7ನೇ ದಿನ ತೆಗೆದ ಮೊಟ್ಟೆಗಳನ್ನು ಅಂದೇ, ಕೊನೆಗೆ ಉಳಿದ ಮೊಟ್ಟೆಗಳನ್ನು 22ನೇ ದಿನ ಒಡೆದು ನೋಡಬೇಕು. ಈ ಕೆಲಸವನ್ನು ಕಾವು ಯಂತ್ರವಿರುವ ಕೋಣೆಯಲ್ಲಿ ಮಾಡಬಾರದು. ಕೈಗವಸು ಮತ್ತು ಮೂಗು-ಬಾಯಿಗೆ ಬಟ್ಟೆ ಕಡ್ಡಾಯ. ದಪ್ಪ ತುದಿಯ ಚಿಪ್ಪನ್ನು ಬಿಡಿಸಿ, ಮೊದಲು ಗಾಳಿಕೋಶದ ಗಾತ್ರ ನೋಡಿ, ಆಮೇಲೆ ಒಳಪೊರೆ ಸರಿಸಬೇಕು.

ಹಳದಿ ಭಾಗದ ಮೇಲೆ ಒಂದು ಸಣ್ಣ, ಗಟ್ಟಿಯಾದ, ಅಂಚು ಒರಟಾದ ಬಿಳಿ ಚುಕ್ಕೆ ಮಾತ್ರ ಇದ್ದರೆ ಮೊಟ್ಟೆ ಬರಡು. ಬಿಳಿ ಉಂಗುರದಂತೆ ಅಗಲವಾದ ಕೆನೆಬಣ್ಣದ ಪದರ ಕಂಡರೆ ಮೊಟ್ಟೆ ಫಲಿತವೇ ಆಗಿತ್ತು, ಭ್ರೂಣ ಆರಂಭದಲ್ಲೇ ಸತ್ತಿದೆ. ಕಪ್ಪು ಕಣ್ಣು ಕಂಡರೆ ಮೊದಲ ವಾರದ ಕೊನೆ, ನವಿರು ಕಂಡರೆ ಎರಡನೇ ವಾರ ಅಥವಾ ಅನಂತರದ ಸಾವು. ಚಿಪ್ಪು ತುಂಬಿದ ಮರಿ ಇದ್ದು ಹಳದಿ ಭಾಗ ಹೊಟ್ಟೆಯ ಹೊರಗೇ ಉಳಿದಿದ್ದರೆ 18-19ನೇ ದಿನದ ಸಾವು; ಹಳದಿ ಒಳಸೇರಿದ್ದರೆ ಕೊನೆಯ ಗಳಿಗೆಯದು. ಹೀಗೆ ಪ್ರತಿಯೊಂದನ್ನೂ ಬರಡು, ಮೊದಲ ವಾರ, ನಡುವಿನ ಅವಧಿ, ಕೊನೆಯ ದಿನಗಳು, ಚಿಪ್ಪು ಕುಟ್ಟಿ ಸತ್ತದ್ದು, ಕೊಳೆತದ್ದು ಎಂಬ ಆರು ಅಂಕಣಗಳಲ್ಲಿ ಬರೆದುಕೊಳ್ಳಬೇಕು.

ಬರಡು ಮೊಟ್ಟೆ ಹೆಚ್ಚಿದ್ದರೆ

ಇದರ ಕಾರಣ ಯಂತ್ರದಲ್ಲಿಲ್ಲ, ಕೋಳಿಮನೆಯಲ್ಲಿದೆ. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಇರಬೇಕು. ವಯಸ್ಸಾದ, ಅತಿಯಾಗಿ ಬೊಜ್ಜು ಬೆಳೆದ, ಕಾಲಿಗೆ ಗಾಯವಾದ ಹುಂಜಗಳಿಂದ ಫಲಿತ ಕುಗ್ಗುತ್ತದೆ. ಹುಂಜಗಳು ಹೆಚ್ಚಾದರೂ ಪರಸ್ಪರ ಕಾದಾಡಿ ಕೂಡುವಿಕೆ ಕಡಿಮೆಯಾಗುತ್ತದೆ. ಬೇಸಗೆಯ ಕಡು ಬಿಸಿಲಿನಲ್ಲಿ ಕೂಡುವಿಕೆ ತಾನಾಗಿಯೇ ಇಳಿಮುಖವಾಗುವುದರಿಂದ ನೆರಳು ಮತ್ತು ತಂಪು ನೀರು ಅವಶ್ಯ.

ಹುಂಜವನ್ನು ಹೊಸದಾಗಿ ಬಿಟ್ಟ ಮರುದಿನದಿಂದಲೇ ಮೊಟ್ಟೆ ಸಂಗ್ರಹಿಸಬಾರದು. ಕನಿಷ್ಠ ಒಂದು ವಾರ ಕಾಯಬೇಕು. ಹೇಂಟೆಯ ದೇಹದಲ್ಲಿ ಹಳೆಯ ಹುಂಜದ ವೀರ್ಯ ಹತ್ತು ದಿನಕ್ಕೂ ಮೇಲ್ಪಟ್ಟು ಉಳಿಯಬಲ್ಲದಾದ್ದರಿಂದ, ತಳಿ ಶುದ್ಧತೆ ಬೇಕಾದವರು ಹುಂಜ ಬದಲಿಸಿದ ಬಳಿಕ ಮೂರು ವಾರ ಕಾಯುವುದು ಸೂಕ್ತ. ಅಂಗಡಿಯಲ್ಲಿ ಮಾರುವ ಫಾರಂ ಮೊಟ್ಟೆಗಳು ಹುಂಜಗಳಿಲ್ಲದ ಪಂಜರಗಳಲ್ಲಿ ಇಟ್ಟವು. ಅವು ಯಾವ ಯಂತ್ರದಲ್ಲೂ ಮರಿಯಾಗುವುದಿಲ್ಲ.

ಮೊದಲ ವಾರದ ಸಾವು

ರಕ್ತದ ಉಂಗುರಗಳು ಹೆಚ್ಚಾಗಿ ಕಂಡರೆ ಮೊದಲು ಮೊಟ್ಟೆ ಕೂಡಿಟ್ಟ ರೀತಿಯನ್ನು ಪರಿಶೀಲಿಸಬೇಕು. ಕಾವಿಗಿಡುವ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು. 15ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 75ರಷ್ಟು ತೇವಾಂಶ ಸಂಗ್ರಹಕ್ಕೆ ಉತ್ತಮ. ಸುಮಾರು 21 ಡಿಗ್ರಿಗಿಂತ ಕೆಳಗೆ ಭ್ರೂಣ ನಿದ್ರಾವಸ್ಥೆಯಲ್ಲಿರುತ್ತದೆ. ಅದಕ್ಕಿಂತ ಮೇಲೆ, ಕಾವಿನ ಉಷ್ಣತೆಗಿಂತ ಕೆಳಗೆ, ಅದು ನಿಧಾನವಾಗಿ ಹಾಗೂ ಅಸಮವಾಗಿ ಬೆಳೆಯತೊಡಗಿ ದುರ್ಬಲಗೊಳ್ಳುತ್ತದೆ. ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಗೂಡಿನಲ್ಲೇ ಮಧ್ಯಾಹ್ನದವರೆಗೆ ಬಿಟ್ಟ ಮೊಟ್ಟೆ, ಯಂತ್ರ ಸೇರುವ ಮೊದಲೇ ಅರೆಕಾವು ಕಂಡಿರುತ್ತದೆ. ಆದ್ದರಿಂದ ದಿನಕ್ಕೆ ಮೂರು-ನಾಲ್ಕು ಬಾರಿ ಮೊಟ್ಟೆ ಆಯ್ದು ತಂಪಾದ ಕೋಣೆಗೆ ಸಾಗಿಸಬೇಕು. ಮನೆಯ ಫ್ರಿಜ್ಜಿನ ಒಳಭಾಗ ಸಾಮಾನ್ಯವಾಗಿ 4ರಿಂದ 8 ಡಿಗ್ರಿ ಇರುವುದರಿಂದ ಅದು ಅತಿ ತಂಪು. ಮಣ್ಣಿನ ಮಡಕೆಯನ್ನು ಒದ್ದೆ ಮರಳಿನಲ್ಲಿರಿಸಿ, ಅದರೊಳಗೆ ಒಣಹುಲ್ಲು ಹಾಸಿ ಮೊಟ್ಟೆ ಇಡುವುದು ಹಳ್ಳಿಗಳಿಗೆ ಒಪ್ಪುವ ಉಪಾಯ.

ಮೊಟ್ಟೆಯನ್ನು ಚೂಪು ತುದಿ ಕೆಳಗಾಗಿ ಇಡಬೇಕು. ಬಸ್ಸು, ಬೈಕಿನಲ್ಲಿ ಕುಲುಕಾಡಿ ಬಂದ ಮೊಟ್ಟೆಗಳನ್ನು 12ರಿಂದ 24 ಗಂಟೆ ಹಾಗೆಯೇ ಇರಿಸಿ, ಒಳಭಾಗ ಸ್ತಿಮಿತಕ್ಕೆ ಬಂದ ಬಳಿಕ ಕಾವಿಗಿಡಬೇಕು. ತಂಪಾಗಿಟ್ಟ ಮೊಟ್ಟೆಯನ್ನು ಒಮ್ಮೆಲೇ ಯಂತ್ರಕ್ಕೆ ಹಾಕಿದರೆ ಚಿಪ್ಪಿನ ಮೇಲೆ ನೀರ ಹನಿ ಮೂಡಿ, ಸೂಕ್ಷ್ಮಾಣುಗಳು ರಂಧ್ರಗಳ ಮೂಲಕ ಒಳಸೇರಲು ದಾರಿಯಾಗುತ್ತದೆ. ಕೋಣೆಯ ಉಷ್ಣತೆಗೆ ಬರುವವರೆಗೆ ಕೆಲವು ಗಂಟೆ ಹೊರಗಿಡಬೇಕು.

ಸಂಗ್ರಹ ಸರಿಯಾಗಿದ್ದೂ ಮೊದಲ ವಾರ ಸಾವು ಹೆಚ್ಚಿದ್ದರೆ, ಯಂತ್ರದ ಉಷ್ಣತೆ ಆರಂಭದಲ್ಲಿ ಅತಿಯಾಗಿತ್ತೇ ಎಂದು ನೋಡಬೇಕು. ಮೊಟ್ಟೆ ಇಡುವ ಮೊದಲು ಯಂತ್ರವನ್ನು ಒಂದು ದಿನ ಖಾಲಿ ಓಡಿಸಿ ಉಷ್ಣತೆ ಸ್ಥಿರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದರಿಂದ ಈ ನಷ್ಟ ತಪ್ಪುತ್ತದೆ.

ನಡುವಿನ ಅವಧಿಯ ಸಾವು

8ರಿಂದ 17ನೇ ದಿನದ ನಡುವೆ ಸಾವು ಎದ್ದು ಕಂಡರೆ ತಾಯಿ ಕೋಳಿಗಳ ಆಹಾರದ ಕಡೆಗೆ ಗಮನ ಹರಿಸಬೇಕು. ಮೊಟ್ಟೆಯಲ್ಲಿ ಇಲ್ಲದ ಪೋಷಕಾಂಶ ಭ್ರೂಣಕ್ಕೆ ಬೇರೆಲ್ಲಿಂದಲೂ ದೊರೆಯುವುದಿಲ್ಲ. ವಿಶೇಷವಾಗಿ ಬಿ2 ಜೀವಸತ್ವದ ಕೊರತೆಯಿದ್ದರೆ ನವಿರು ಗಂಟುಗಂಟಾಗಿ, ಕಾಲ್ಬೆರಳು ಒಳಕ್ಕೆ ಮಡಚಿದ ಭ್ರೂಣಗಳು ಕಾಣಸಿಗುತ್ತವೆ. ಕೇವಲ ಜೋಳ, ನುಚ್ಚು ತಿನ್ನುವ ಕೋಳಿ ಮೊಟ್ಟೆ ಇಡಬಹುದು. ಆದರೆ ಆ ಮೊಟ್ಟೆ ಮರಿಯನ್ನು ಪೋಷಿಸಲಾರದು. ಹಸಿರು ಸೊಪ್ಪು ಹಾಗೂ ಜೀವಸತ್ವ-ಖನಿಜ ಮಿಶ್ರಣವುಳ್ಳ ಬ್ರೀಡರ್ ಆಹಾರವನ್ನು ಮೊಟ್ಟೆ ಸಂಗ್ರಹಕ್ಕೆ ಕೆಲವು ವಾರ ಮೊದಲಿನಿಂದಲೇ ನೀಡಬೇಕು. ದೀರ್ಘ ವಿದ್ಯುತ್ ಕಡಿತ ಮತ್ತು ಸೋಂಕು ಕೂಡ ಈ ಅವಧಿಯ ಸಾವಿಗೆ ಕಾರಣಗಳು.

ಕೊನೆಯ ಮೂರು ದಿನ

ಪೂರ್ಣ ಬೆಳೆದ ಮರಿ ಚಿಪ್ಪಿನೊಳಗೇ ಸಾಯುವುದು ಸಾಕುವವರಿಗೆ ಅತ್ಯಂತ ಬೇಸರ ತರುವ ಸಂಗತಿ. ಇದಕ್ಕೆ ಕಾರಣ ಬಹುಪಾಲು ಯಂತ್ರದ ನಿರ್ವಹಣೆಯಲ್ಲೇ ಇರುತ್ತದೆ. ಉಷ್ಣತೆ, ತೇವಾಂಶ, ತಿರುಗಿಸುವಿಕೆ, ಗಾಳಿ ಈ ನಾಲ್ಕನ್ನು ಒಂದೊಂದಾಗಿ ಪರಿಶೀಲಿಸಬೇಕು.

ಉಷ್ಣತೆ: ಫ್ಯಾನ್ ಇರುವ ಯಂತ್ರದಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 99.5ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಬೇಕು. ಯಂತ್ರದ ಅಂಕಿ ತೋರುವ ಪರದೆಯನ್ನು ಕುರುಡಾಗಿ ನಂಬಬಾರದು. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಯಂತ್ರದ ಥರ್ಮಾಮೀಟರು ಮತ್ತು ಜ್ವರ ನೋಡುವ ಥರ್ಮಾಮೀಟರನ್ನು ಒಟ್ಟಿಗೆ ಅದ್ದಿ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ಡಿಗ್ರಿಯ ದೋಷ ಮೂರು ವಾರ ಮುಂದುವರಿದರೆ ಇಡೀ ಬ್ಯಾಚ್ ಕೆಡಲು ಸಾಕು. ಯಂತ್ರಕ್ಕೆ ಬಿಸಿ ಮಾಡುವ ಶಕ್ತಿ ಮಾತ್ರ ಇದೆ, ತಂಪು ಮಾಡುವ ಶಕ್ತಿ ಇಲ್ಲ ಎಂಬುದನ್ನೂ ಮರೆಯಬಾರದು. ಕೋಣೆಯ ಉಷ್ಣತೆಯೇ 38 ಡಿಗ್ರಿ ದಾಟಿದರೆ ಸಣ್ಣ ಯಂತ್ರ ಅಸಹಾಯಕವಾಗುತ್ತದೆ. ತಗಡಿನ ಮಾಡಿನ ಕೋಣೆ, ಬಿಸಿಲು ಬೀಳುವ ಕಿಟಕಿ ಪಕ್ಕ ಇದಕ್ಕೆ ತಕ್ಕ ಸ್ಥಳಗಳಲ್ಲ.

ತೇವಾಂಶ: ಮೊದಲ 18 ದಿನ ಶೇ 50ರಿಂದ 60, ಕೊನೆಯ ಮೂರು ದಿನ ಶೇ 65ರಿಂದ 70 ಇರಬೇಕು. ಒದ್ದೆ ಬತ್ತಿಯ ಥರ್ಮಾಮೀಟರಿನಲ್ಲಿ ಇದು ಕ್ರಮವಾಗಿ 83ರಿಂದ 87 ಮತ್ತು 89ರಿಂದ 91 ಡಿಗ್ರಿ ಫ್ಯಾರನ್‌ಹೀಟ್‌ಗೆ ಸಮ. ಇದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆ ತಕ್ಕಡಿ. ಮೊಟ್ಟೆಯೊಳಗಿನ ನೀರು ಆವಿಯಾಗಿ 18ನೇ ದಿನದ ಹೊತ್ತಿಗೆ ಆರಂಭದ ತೂಕದಲ್ಲಿ ಶೇ 11ರಿಂದ 13ರಷ್ಟು ಇಳಿಯಬೇಕು. ಒಂದು ತಟ್ಟೆಯ 30 ಮೊಟ್ಟೆಗಳು ಆರಂಭದಲ್ಲಿ 1,500 ಗ್ರಾಂ ಇದ್ದರೆ 6ನೇ ದಿನ ಸುಮಾರು 1,440, 12ನೇ ದಿನ 1,380, 18ನೇ ದಿನ 1,320 ಗ್ರಾಂ ಇರಬೇಕು. ತೂಕ ಬೇಗ ಇಳಿಯುತ್ತಿದ್ದರೆ ನೀರಿನ ತಟ್ಟೆ ದೊಡ್ಡದು ಮಾಡಬೇಕು, ನಿಧಾನವಾಗಿ ಇಳಿಯುತ್ತಿದ್ದರೆ ಚಿಕ್ಕದು ಮಾಡಬೇಕು. ತೇವಾಂಶ ನಿರ್ಧಾರವಾಗುವುದು ನೀರಿನ ಆಳದಿಂದಲ್ಲ, ಅದರ ಮೇಲ್ಮೈ ವಿಸ್ತಾರದಿಂದ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಮೊದಲ 18 ದಿನ ನೀರನ್ನೇ ಇಡದಿದ್ದರೂ ನಡೆಯಬಹುದು. ಬಯಲುಸೀಮೆಯ ಬೇಸಗೆಯಲ್ಲಿ ಎರಡು ತಟ್ಟೆ ನೀರೂ ಸಾಲದಿರಬಹುದು. ಊರಿಗೊಂದು, ಋತುವಿಗೊಂದು ನಿಯಮ ಇರುವುದರಿಂದ ತಕ್ಕಡಿಯ ಮಾತನ್ನೇ ಕೇಳಬೇಕು.

ತೇವಾಂಶ ಅತಿಯಾದರೆ ಗಾಳಿಕೋಶ ಚಿಕ್ಕದಾಗುತ್ತದೆ. ಉಸಿರಾಡಲು ಜಾಗವಿಲ್ಲದೆ ಮರಿ ದ್ರವದಲ್ಲಿ ಮುಳುಗಿದಂತೆ ಸಾಯುತ್ತದೆ. ಕಡಿಮೆಯಾದರೆ ಗಾಳಿಕೋಶ ಅತಿ ದೊಡ್ಡದಾಗಿ, ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ತಿರುಗಿಸುವಿಕೆ: ಮೊಟ್ಟೆಯನ್ನು ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟುತ್ತದೆ, ಬಿಳಿ ಲೋಳೆ ಪೂರ್ತಿ ಬಳಕೆಯಾಗದೆ ಉಳಿಯುತ್ತದೆ, ತಲೆ ಚೂಪು ತುದಿಯ ಕಡೆಗೆ ನಿಲ್ಲುವುದೂ ಹೆಚ್ಚುತ್ತದೆ. ಸ್ವಯಂಚಾಲಿತ ಯಂತ್ರಗಳು ಗಂಟೆಗೊಮ್ಮೆ ತಟ್ಟೆಯನ್ನು 45 ಡಿಗ್ರಿ ಕೋನಕ್ಕೆ ವಾಲಿಸುತ್ತವೆ. ಕೈಯಿಂದ ತಿರುಗಿಸುವವರು ಚಿಪ್ಪಿನ ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆಯ ಗುರುತು ಹಾಕಿ ದಿನಕ್ಕೆ ಮೂರು ಅಥವಾ ಐದು ಬಾರಿ ತಿರುಗಿಸಬೇಕು. ಬೆಸಸಂಖ್ಯೆ ಇರಿಸಿಕೊಂಡರೆ ದೀರ್ಘ ರಾತ್ರಿಯನ್ನು ಮೊಟ್ಟೆ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯುವುದು ತಪ್ಪುತ್ತದೆ. 18ನೇ ದಿನ ತಿರುಗಿಸುವುದನ್ನು ನಿಲ್ಲಿಸಬೇಕು.

ಗಾಳಿ: ಬೆಳೆದ ಭ್ರೂಣಕ್ಕೆ ಆಮ್ಲಜನಕ ಹೆಚ್ಚು ಬೇಕು. ಬಿಸಿ ಉಳಿಸುವ ಆಸೆಯಿಂದ ಯಂತ್ರದ ಗಾಳಿರಂಧ್ರಗಳನ್ನು ಮುಚ್ಚಿದರೆ ಮರಿಗಳು ಚಿಪ್ಪು ಕುಟ್ಟಿ ಅಲ್ಲಿಯೇ ಉಸಿರುಗಟ್ಟುತ್ತವೆ. ಕೊನೆಯ ದಿನಗಳಲ್ಲಿ ರಂಧ್ರಗಳು ತೆರೆದೇ ಇರಬೇಕು.

ಮರಿಗಳೇ ನೀಡುವ ಸುಳಿವು

ಹೊರಬಂದ ಮರಿಗಳನ್ನು ಗಮನಿಸಿದರೂ ಯಂತ್ರದ ದೋಷ ತಿಳಿಯುತ್ತದೆ.

* 20ನೇ ದಿನಕ್ಕೆ ಮೊದಲೇ ಹೊರಬಂದ, ಸಣಕಲಾದ, ಹೊಕ್ಕುಳಲ್ಲಿ ರಕ್ತದ ಕಲೆಯುಳ್ಳ ಮರಿಗಳು: ಉಷ್ಣತೆ ಹೆಚ್ಚು.
* 22ನೇ ದಿನ ದಾಟಿ ಬಂದ, ಹೊಟ್ಟೆ ಉಬ್ಬಿದ, ಮಂದವಾದ ಮರಿಗಳು: ಉಷ್ಣತೆ ಕಡಿಮೆ ಅಥವಾ ತೇವಾಂಶ ಹೆಚ್ಚು.
* ಮೈಗೆ ಲೋಳೆ ಮೆತ್ತಿಕೊಂಡ ಮರಿಗಳು: ತೇವಾಂಶ ಹೆಚ್ಚು, ಗಾಳಿ ಸಾಲದು.
* ಚಿಪ್ಪಿನ ಚೂರು ಮೈಗೆ ಅಂಟಿ ಒಣಗಿದ ಮರಿಗಳು: ಕೊನೆಯ ದಿನಗಳಲ್ಲಿ ತೇವಾಂಶ ಕಡಿಮೆ, ಬಾಗಿಲು ಪದೇ ಪದೇ ತೆರೆಯಲಾಗಿದೆ.
* ಎರಡು ದಿನಗಳ ಕಾಲ ಒಂದೊಂದಾಗಿ ಹೊರಬರುವ ಮರಿಗಳು: ಹಳೆಯ ಮತ್ತು ಹೊಸ ಮೊಟ್ಟೆಗಳ ಬೆರಕೆ, ಅಥವಾ ಯಂತ್ರದ ಮೂಲೆಗಳಲ್ಲಿ ಉಷ್ಣತೆಯ ವ್ಯತ್ಯಾಸ.
* ಕಾಲು ಅಗಲಿಸಿ ಜಾರುವ ಮರಿಗಳು: ತಟ್ಟೆಯ ತಳ ನುಣುಪು. ದಿನಪತ್ರಿಕೆಯ ಬದಲು ಗೋಣಿ ಬಟ್ಟೆ ಅಥವಾ ಜಾಲರಿ ಹಾಸಬೇಕು.

ಚಿಪ್ಪು ಕುಟ್ಟಿದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಈ ಅವಧಿಯಲ್ಲಿ ಅದು ಪೊರೆಯ ನಾಳಗಳಲ್ಲಿನ ರಕ್ತವನ್ನೂ ಹಳದಿ ಭಾಗವನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಬಿಡಿಸಿದರೆ ರಕ್ತಸ್ರಾವವಾಗಿ ಮರಿ ಸಾಯುತ್ತದೆ. ಹೊರಬಂದ ಮರಿಗೆ ಹೊಟ್ಟೆಯೊಳಗಿನ ಹಳದಿಯೇ ಮೊದಲ ಆಹಾರವಾದ್ದರಿಂದ, ಮೈ ಒಣಗುವ ತನಕ ಯಂತ್ರದಲ್ಲೇ ಬಿಡಲು ಹೆದರಬೇಕಿಲ್ಲ.

ವಿದ್ಯುತ್ ಕಡಿತವಾದಾಗ

ಕಾವಿಗಿಟ್ಟ ಮೊಟ್ಟೆ ಗುಡುಗಿಗೆ ಕೆಡುತ್ತದೆ ಎಂಬ ನಂಬಿಕೆ ಹಲವೆಡೆ ಇದ್ದು, ಬುಟ್ಟಿಯಲ್ಲಿ ಕಬ್ಬಿಣದ ಚೂರು ಅಥವಾ ಇದ್ದಿಲು ಇಡುವ ರೂಢಿಯೂ ಇದೆ. ಯಂತ್ರದ ಮಟ್ಟಿಗೆ ಹೇಳುವುದಾದರೆ ಗುಡುಗಿಗಿಂತ ಅದರ ಜೊತೆ ಬರುವ ವಿದ್ಯುತ್ ಕಡಿತವೇ ಅಪಾಯಕಾರಿ. ಭ್ರೂಣ ತಂಪನ್ನು ಸ್ವಲ್ಪ ಹೊತ್ತು ಸಹಿಸಬಲ್ಲದು. ಅತಿ ಬಿಸಿಯನ್ನು ಸಹಿಸದು. ಒಂದೆರಡು ಗಂಟೆ ಕಡಿತವಾದರೆ ಬಾಗಿಲು ತೆರೆಯದೆ, ಗಾಳಿರಂಧ್ರ ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿದರೆ ಸಾಕು. ಆದರೆ ಎರಡನೇ ವಾರದ ನಂತರ ಭ್ರೂಣಗಳೇ ಶಾಖ ಉತ್ಪಾದಿಸುತ್ತವೆ. ನೂರಾರು ಮೊಟ್ಟೆ ತುಂಬಿದ ಯಂತ್ರದಲ್ಲಿ ಫ್ಯಾನ್ ನಿಂತರೆ ಒಳಗಿನ ಉಷ್ಣತೆ ಇಳಿಯುವ ಬದಲು ಏರಬಹುದು. ಅಂತಹ ಸಮಯದಲ್ಲಿ ಥರ್ಮಾಮೀಟರು ನೋಡಿಕೊಂಡು ಬಾಗಿಲನ್ನು ಸ್ವಲ್ಪ ತೆರೆಯುವುದೇ ಸರಿ. ಫ್ಯಾನ್ ಓಡಿಸುವಷ್ಟು ಸಾಮರ್ಥ್ಯದ ಬ್ಯಾಟರಿ-ಇನ್ವರ್ಟರ್ ಇದ್ದರೆ ಈ ಚಿಂತೆ ಇರುವುದಿಲ್ಲ.

ಕೊಳೆತ ಮೊಟ್ಟೆ ಮತ್ತು ಸ್ವಚ್ಛತೆ

ದುರ್ವಾಸನೆ ಬೀರುವ, ಒಸರುವ ಮೊಟ್ಟೆ ಕಂಡ ಕೂಡಲೇ ಹೊರತೆಗೆಯಬೇಕು. ಒಂದು ಮೊಟ್ಟೆ ಯಂತ್ರದೊಳಗೆ ಸಿಡಿದರೆ ಸುತ್ತಲಿನ ಎಲ್ಲವಕ್ಕೂ ಸೋಂಕು ತಗಲುತ್ತದೆ. ಕೊಳಕಾದ ಅಥವಾ ಬಿರುಕುಬಿಟ್ಟ ಮೊಟ್ಟೆಯನ್ನು ಕಾವಿಗಿಡಬಾರದು. ಅದನ್ನು ತಣ್ಣೀರಿನಲ್ಲಿ ತೊಳೆಯುವುದು ಇನ್ನೂ ಕೆಟ್ಟದ್ದು. ತಂಪಾದಾಗ ಒಳಭಾಗ ಕುಗ್ಗಿ ಚಿಪ್ಪಿನ ಸಾವಿರಾರು ರಂಧ್ರಗಳ ಮೂಲಕ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಪಸ್ವಲ್ಪ ಕೊಳೆಯಿದ್ದರೆ ಒಣ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಬಹುದು. ಗೂಡಿನಲ್ಲಿ ಒಣ ಹೊಟ್ಟು ಹಾಸಿದರೆ ಅದರ ಅಗತ್ಯವೇ ಬೀಳದು.

ಹ್ಯಾಚರಿಗಳಲ್ಲಿ ಬಳಸುವ ಫಾರ್ಮಲಿನ್ ಹೊಗೆ ಕ್ಯಾನ್ಸರ್‌ಕಾರಕ ಅನಿಲವಾದ್ದರಿಂದ ಮನೆಗಳಲ್ಲಿ ಪ್ರಯೋಗಿಸುವುದು ಸಲ್ಲದು. ಪ್ರತಿ ಬ್ಯಾಚಿನ ನಂತರ ತಟ್ಟೆಗಳನ್ನು ಸಾಬೂನು ನೀರಿನಿಂದ ತಿಕ್ಕಿ, ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಬೇಕು.

ಸ್ವಚ್ಛತೆ ಎಷ್ಟಿದ್ದರೂ ಮರಿಗಳು ಮೊದಲ ವಾರಗಳಲ್ಲಿ ಬಿಳಿ ಭೇದಿಯಿಂದ ಸಾಯುತ್ತಿದ್ದರೆ, ತಾಯಿಯಿಂದ ಮೊಟ್ಟೆಯ ಮೂಲಕ ಬರುವ ಪುಲ್ಲೋರಂ ರೋಗದ ಶಂಕೆಯಿದೆ. ಆಗ ತಾಯಿ ಕೋಳಿಗಳ ರಕ್ತ ಪರೀಕ್ಷೆಯೇ ಮಾರ್ಗ. ಸತ್ತ ಮರಿಗಳನ್ನು ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಬೆಂಗಳೂರು, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿಗೆ ಒಯ್ದು ತಜ್ಞರಿಗೆ ತೋರಿಸಬೇಕು.

ಹೇಂಟೆಯಿಂದ ಕಲಿಯುವುದು

ಯಂತ್ರ ಮಾಡುವ ಎಲ್ಲವನ್ನೂ ಕಾವು ಕೂತ ಹೇಂಟೆ ತಾನಾಗಿಯೇ ಮಾಡುತ್ತದೆ. ಎದೆಯ ಬರಿಮೈಯಿಂದ ಬಿಸಿ ಕೊಡುತ್ತದೆ, ಕೊಕ್ಕಿನಿಂದ ದಿನಕ್ಕೆ ಹಲವು ಬಾರಿ ಮೊಟ್ಟೆ ಹೊರಳಿಸುತ್ತದೆ, ಮೇಯಲು ಎದ್ದು ಗಾಳಿಯಾಡಲು ಬಿಡುತ್ತದೆ. ಆದರೂ ಅದಕ್ಕೊಂದು ಮಿತಿಯಿದೆ. 10ರಿಂದ 12 ಮೊಟ್ಟೆಗಿಂತ ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಮೊಟ್ಟೆಗಳನ್ನು ಒಂದೇ ದಿನ ಇಡಬೇಕು. ದಿನಕ್ಕೊಂದು ಸೇರಿಸಿದರೆ ಮೊದಲ ಮರಿ ಬಂದ ಕೂಡಲೇ ಹೇಂಟೆ ಉಳಿದವನ್ನು ಬಿಟ್ಟು ಏಳುತ್ತದೆ. ಹೇನು ಮತ್ತು ಉಣ್ಣಿಯ ಕಾಟವಿದ್ದರೆ ಅದು ಬುಟ್ಟಿಯಲ್ಲಿ ನಿಲ್ಲುವುದಿಲ್ಲ. ಬುಟ್ಟಿಯ ಹುಲ್ಲನ್ನು ಬದಲಿಸಿ, ಹೇಂಟೆಯನ್ನು ಕೂರಿಸುವ ಮೊದಲೇ ಚಿಕಿತ್ಸೆ ನೀಡಬೇಕು.

ಲೆಕ್ಕ ತೋರುವ ದಾರಿ

ಒಂದು ಉದಾಹರಣೆಯಿಂದ ಈ ಪರಿಶೀಲನೆಯ ಪ್ರಯೋಜನ ಸ್ಪಷ್ಟವಾಗುತ್ತದೆ. ಮಲೆನಾಡಿನ ಒಂದು ಮನೆಯಲ್ಲಿ ಜುಲೈ ತಿಂಗಳಲ್ಲಿ 120 ಮೊಟ್ಟೆ ಕಾವಿಗಿಟ್ಟು 84 ಮರಿ ದೊರೆತವು ಎಂದು ಭಾವಿಸೋಣ. ಇಟ್ಟ ಮೊಟ್ಟೆಗಳ ಲೆಕ್ಕದಲ್ಲಿ ಇದು ಶೇ 70. ‘ಹುಂಜ ಸರಿಯಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಹುಂಜವನ್ನು ಮಾರುವ ಸಾಧ್ಯತೆಯೇ ಹೆಚ್ಚು. ಆದರೆ ಉಳಿದ 36 ಮೊಟ್ಟೆಗಳನ್ನು ಒಡೆದಾಗ ಬರಡು 10, ಮೊದಲ ವಾರದ ಸಾವು 5, ನಡುವಿನ ಅವಧಿಯವು 3, ಕೊನೆಯ ದಿನಗಳವು 16, ಕೊಳೆತವು 2 ಎಂದು ತಿಳಿಯಿತೆನ್ನೋಣ.

ಈಗ ಚಿತ್ರ ಬದಲಾಗುತ್ತದೆ. 120ರಲ್ಲಿ 110 ಮೊಟ್ಟೆ ಫಲಿತವಾಗಿವೆ. ಸುಮಾರು ಶೇ 92ರ ಈ ಫಲಿತದಲ್ಲಿ ಹುಂಜದ ತಪ್ಪಿಲ್ಲ. ಫಲಿತ ಮೊಟ್ಟೆಗಳಲ್ಲಿ ಮರಿಯಾದದ್ದು ಸುಮಾರು ಶೇ 76. ಚೆನ್ನಾಗಿ ನಡೆಯುವ ಹ್ಯಾಚರಿಗಳಲ್ಲಿ ಇದು ಶೇ 85ನ್ನು ಮೀರುತ್ತದೆ. ನಷ್ಟದ ಬಹುಭಾಗ ಕೊನೆಯ ದಿನಗಳದ್ದು. ಆ 16 ಮೊಟ್ಟೆಗಳ ಪೈಕಿ ಹೆಚ್ಚಿನವುಗಳಲ್ಲಿ ಗಾಳಿಕೋಶ ಚಿಕ್ಕದಾಗಿ, ಮರಿ ಲೋಳೆಯಿಂದ ತೊಯ್ದಿದ್ದರೆ ಕಾರಣ ಮಳೆಗಾಲದ ಅತಿ ತೇವಾಂಶ. ಪರಿಹಾರ ಹುಂಜ ಬದಲಿಸುವುದಲ್ಲ. ನೀರಿನ ತಟ್ಟೆ ತೆಗೆಯುವುದು, ಗಾಳಿರಂಧ್ರ ತೆರೆಯುವುದು ಮತ್ತು ವಾರಕ್ಕೊಮ್ಮೆ ತಟ್ಟೆ ತೂಗುವುದು. ಇದಕ್ಕೆ ತಗಲುವ ವೆಚ್ಚ ಏನೂ ಇಲ್ಲ.

ಮುಂದಿನ ಬ್ಯಾಚಿನಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಬೇಕು. ಉಷ್ಣತೆ, ತೇವಾಂಶ, ಆಹಾರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು. ಮೊಟ್ಟೆ ಇಟ್ಟ ದಿನಾಂಕ, ಎಷ್ಟು ದಿನ ಹಳೆಯವು, ಯಾವ ಕೋಳಿಗಳವು, ದಿನಕ್ಕೆ ಮೂರು ಬಾರಿ ನೋಡಿದ ಉಷ್ಣತೆ ಮತ್ತು ತೇವಾಂಶ, ವಿದ್ಯುತ್ ಹೋದ ಸಮಯ, ಒಡೆದು ನೋಡಿದ ಮೊಟ್ಟೆಗಳ ವಿವರ ಇಷ್ಟನ್ನು ಶಾಲಾ ಮಕ್ಕಳ ನೋಟುಪುಸ್ತಕವೊಂದರಲ್ಲಿ ಬರೆದಿಟ್ಟರೆ ಮೂರು-ನಾಲ್ಕು ಬ್ಯಾಚುಗಳಲ್ಲಿ ಆಯಾ ಯಂತ್ರದ, ಆಯಾ ಕೋಣೆಯ ಸ್ವಭಾವ ತಿಳಿಯುತ್ತದೆ. ಪರಿಶೀಲನೆ ಮುಗಿದ ಮೊಟ್ಟೆಗಳನ್ನು ನಾಯಿ, ಕಾಗೆಗಳಿಗೆ ಸಿಗದಂತೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹೂಳುವ ಮುನ್ನ ಅವನ್ನು ಒಡೆದು ನೋಡಲು ಹಿಡಿಯುವ ಅರ್ಧ ಗಂಟೆ ಮುಂದಿನ ಬ್ಯಾಚಿನ ಮೂರು ವಾರಗಳನ್ನು ಉಳಿಸಬಲ್ಲದು.